ಗೈಡ್ ಹೇಳಿದ ವಿಷಯ, ನಮ್ಮೂರಿನ ಪ್ರಶ್ನೆ

"ನನಗೆ ಮಾಡಬೇಕು ಅಂತ ಇರೋದೇ ಬೇರೆ ಸಾರ್, ನಮ್ಮ ಗೈಡ್ ಹೇಳ್ತಿರೋದೇ ಬೇರೆ. ಏನು ಮಾಡ್ಲಿ?"

ಪಿಎಚ್.ಡಿ.ಗೆ ಹೆಸರು ಹಚ್ಚಿದ ಹುಡುಗ ಹುಡುಗಿಯರ ಬಾಯಲ್ಲಿ ನಾನು ಮತ್ತೆ ಮತ್ತೆ ಕೇಳಿದ ಮಾತಿದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಿಂದ ಬಂದವರು ಇದನ್ನು ದನಿ ತಗ್ಗಿಸಿ ಹೇಳುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಮನೆತನಕ್ಕೇ ಮೊದಲ ಪದವೀಧರರು. ಸಂಶೋಧನೆ ಎಂದರೆ ಏನೆಂದು ಮನೆಯಲ್ಲಿ ಕೇಳಿ ತಿಳಿಯುವಂತಿಲ್ಲ. ಗೈಡ್ ಎದುರಿಗೆ ಕುರ್ಚಿ ಎಳೆದುಕೊಂಡು ಕೂರುವುದಕ್ಕೂ ಸಂಕೋಚ. ಮೇಷ್ಟ್ರ ಮಾತಿಗೆ ಎದುರಾಡಬಾರದು ಎಂದು ಕಲಿತು ಬೆಳೆದವರಿಗೆ, ಎದುರಾಡುವುದು ಬೇರೆ, ತನ್ನ ಪ್ರಶ್ನೆಯನ್ನು ಮುಂದಿಡುವುದು ಬೇರೆ ಎಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಹಾಗಾಗಿ ಅನೇಕರು ಕೊಟ್ಟ ಶೀರ್ಷಿಕೆಗೆ ತಲೆಯಾಡಿಸಿ ಬರುತ್ತಾರೆ. ಮೂರನೆಯ ವರ್ಷದ ಹೊತ್ತಿಗೆ ಆ ಕಡತ ಕಂಡರೇ ಬೇಸರ. ಕೆಲವರು ಹಟ ಹಿಡಿದು ಮೊದಲ ವರ್ಷವೇ ಸಂಬಂಧ ಕೆಡಿಸಿಕೊಳ್ಳುತ್ತಾರೆ. ಈ ಎರಡನ್ನೂ ತಪ್ಪಿಸುವ ದಾರಿಯೊಂದಿದೆ. ಅದಕ್ಕೆ ನಮ್ಮ ಚನ್ನಗಿರಿ ತಾಲ್ಲೂಕಿನಿಂದಲೇ ಒಬ್ಬರ ಉದಾಹರಣೆ ಇದೆ.

ಎಂ. ಚಿದಾನಂದಮೂರ್ತಿ ಹುಟ್ಟಿದ್ದು ಹಿರೇಕೋಗಲೂರಿನಲ್ಲಿ, 1931ರ ಮೇ 10ರಂದು. ಅವರ ಸಂಶೋಧನೆಗೆ ಮಾರ್ಗದರ್ಶಕರಾಗಿದ್ದವರು ತೀ.ನಂ. ಶ್ರೀಕಂಠಯ್ಯ. ತೀನಂಶ್ರೀ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 'ಭಾರತೀಯ ಕಾವ್ಯಮೀಮಾಂಸೆ'. ರಸ, ಧ್ವನಿ, ಔಚಿತ್ಯಗಳನ್ನು ಕನ್ನಡದಲ್ಲಿ ತಿಳಿಯಬೇಕಾದವರು ಇಂದಿಗೂ ತೆರೆಯುವ ಪುಸ್ತಕ ಅದು. ಜೊತೆಗೆ ಅವರು ಭಾಷಾವಿಜ್ಞಾನದಲ್ಲಿ ಪಳಗಿದವರು. ಅಂಥವರ ಬಳಿ ಸೇರಿದ ಶಿಷ್ಯ ಕಾವ್ಯಮೀಮಾಂಸೆಯ ಒಂದು ತುಂಡನ್ನು ಹಿಡಿದುಕೊಂಡು ಪದವಿ ಮುಗಿಸಬಹುದಿತ್ತು. ಆದರೆ ಶಿಷ್ಯನ ಮಹಾಪ್ರಬಂಧ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'. ಕ್ರಿ.ಶ. 450ರಿಂದ 1150ರವರೆಗಿನ ಏಳುನೂರು ವರ್ಷಗಳ ಕಲ್ಲು ತಾಮ್ರಗಳ ಬರಹ ಅದರ ಸಾಮಗ್ರಿ. 1964ರಲ್ಲಿ ಅದಕ್ಕೆ ಪದವಿ ಬಂತು, 1966ರಲ್ಲಿ ಪುಸ್ತಕವಾಯಿತು.

ಆ ಪ್ರಬಂಧದ ಹೊಸತನ ಎಲ್ಲಿತ್ತು? ಸಾಮಗ್ರಿ ಹೊಸದಾಗಿರಲಿಲ್ಲ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು ಬಂದು ಅರ್ಧ ಶತಮಾನವೇ ಕಳೆದಿತ್ತು. 1902ರ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರದ ಜೊತೆಗೆ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ. ಜಗಳೂರಿನವು ಚಿತ್ರದುರ್ಗದ ಸಂಪುಟದಲ್ಲಿ, ಅಂದರೆ ಹನ್ನೊಂದನೆಯದರಲ್ಲಿ ಸಿಗುತ್ತವೆ. ಊರ ಮುಂದಿನ ಕಲ್ಲು, ಕೆರೆ ಏರಿಯ ಮೇಲಿನ ಕಲ್ಲು, ದೇವಸ್ಥಾನದ ಪ್ರಾಕಾರದ ಕಲ್ಲು ಎಂದು ಒಂದೊಂದಕ್ಕೂ ಸಂಖ್ಯೆ ಕೊಟ್ಟು ಅಚ್ಚು ಮಾಡಿದ್ದರು. ಬಹುಪಾಲು ವಿದ್ವಾಂಸರು ಆ ಸಂಪುಟಗಳನ್ನು ಬಿಚ್ಚುತ್ತಿದ್ದುದು ಯಾವ ಅರಸ ಯಾವ ವರ್ಷ ಆಳಿದ, ಯಾರ ಮಗ ಯಾರು, ಯಾವ ಯುದ್ಧ ಎಲ್ಲಿ ನಡೆಯಿತು ಎಂದು ನೋಡಲು. ಚಿದಾನಂದಮೂರ್ತಿ ಅದೇ ಕಲ್ಲುಗಳ ಮುಂದೆ ಬೇರೆ ಪ್ರಶ್ನೆ ಇಟ್ಟರು: ಅರಸನ ವಂಶಾವಳಿ ಮುಗಿದ ಮೇಲೆ ಬರುವ ಸಾಲುಗಳಲ್ಲಿ ಜನ ಹೇಗೆ ಬದುಕಿದ್ದಾರೆ? ಯಾವ ದೇವರಿಗೆ ನಡೆದುಕೊಂಡರು, ಮಕ್ಕಳಿಗೆ ಎಲ್ಲಿ ಪಾಠ ಹೇಳಿದರು, ಯಾವುದಕ್ಕೆ ತೆರಿಗೆ ಕಟ್ಟಿದರು, ದನ ಬಿಡಿಸಲು ಹೋಗಿ ಸತ್ತವನಿಗೆ ಊರು ಏನು ಮಾಡಿತು? ಕಲ್ಲು ಎಲ್ಲರದ್ದು, ಪ್ರಶ್ನೆ ಮಾತ್ರ ಅವರದ್ದು. ಆ ಪುಸ್ತಕ ಕನ್ನಡ ಸಂಶೋಧನೆಯಲ್ಲಿ ಒಂದು ದಾರಿಯನ್ನೇ ತೆರೆಯಿತು.

ಹಾಗೆಂದು ಅವರು ಗುರುವಿನಿಂದ ಏನನ್ನೂ ಪಡೆಯಲಿಲ್ಲ ಎನ್ನುವಂತಿಲ್ಲ. ಮುಂದೆ 'ಭಾಷಾವಿಜ್ಞಾನದ ಮೂಲತತ್ತ್ವಗಳು' ಬರೆದವರೂ ಅವರೇ. ಅದು ತೀನಂಶ್ರೀಯವರ ಹೊಲದಲ್ಲೇ ಬೆಳೆದ ಫಸಲು. ಹಳೆಯ ಶಾಸನವೊಂದರ ಸಾಲನ್ನು ಸರಿಯಾಗಿ ಅರ್ಥ ಮಾಡಬೇಕಾದರೆ ಭಾಷೆ ಹೇಗೆ ಬದಲಾಗುತ್ತಾ ಬಂತು ಎಂಬ ತಿಳಿವಳಿಕೆ ಬೇಕೇ ಬೇಕು. ಗುರುವಿನ ಶಿಸ್ತು ಶಿಷ್ಯನ ಪ್ರಶ್ನೆಗೆ ಒದಗಿ ಬರುವುದು ಎಂದರೆ ಹೀಗೆ.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೂ ಇಷ್ಟೇ. ಸಂಶೋಧನೆಯ ವಿಷಯ ಬೇರೆ, ಪ್ರಶ್ನೆ ಬೇರೆ. ವಿಷಯ ಎಂದರೆ ಶೀರ್ಷಿಕೆ, ವಿಭಾಗ, ಕಾಲ, ಪ್ರದೇಶ, ಕೃತಿಗಳ ಪಟ್ಟಿ. ಪ್ರಶ್ನೆ ಎಂದರೆ ರಾತ್ರಿ ನಿದ್ದೆ ಬಾರದಾಗ ತಲೆಯಲ್ಲಿ ತಿರುಗುತ್ತಿರುವುದು. ವಿಷಯದಲ್ಲಿ ಗೈಡ್‌ಗೆ ಎಷ್ಟು ಬೇಕಾದರೂ ಬಿಟ್ಟುಕೊಡಬಹುದು. ಪ್ರಶ್ನೆಯನ್ನು ಬಿಟ್ಟುಕೊಟ್ಟರೆ ಐದು ವರ್ಷ ಎಳೆಯುವ ಬಂಡಿಗೆ ಎತ್ತೇ ಇಲ್ಲದಂತಾಗುತ್ತದೆ. ನಮ್ಮ ವಿದ್ಯಾರ್ಥಿಗಳು ಬಹುತೇಕ ಜಗಳವಾಡುವುದು ಶೀರ್ಷಿಕೆಗಾಗಿ. ನಿನ್ನ ಪ್ರಶ್ನೆ ಏನು ಎಂದು ಕೇಳಿದರೆ ಆ ಶೀರ್ಷಿಕೆಯನ್ನೇ ಮತ್ತೊಮ್ಮೆ ಹೇಳುತ್ತಾರೆ.

ನ್ಯಾಮತಿ ತಾಲ್ಲೂಕಿನ ತಾಂಡಾವೊಂದರ ಯುವಕನನ್ನು ಊಹಿಸಿಕೊಳ್ಳಿ. ಸೂರಗೊಂಡನಕೊಪ್ಪ ಅವನ ಊರಿಗೆ ಹತ್ತಿರ. ಬಂಜಾರ ಸಮುದಾಯದ ಸಂತ ಸೇವಾಲಾಲರ ಜನ್ಮಸ್ಥಳ ಅದು. ಪ್ರತಿ ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿಗೆ ದೂರ ದೂರದ ರಾಜ್ಯಗಳಿಂದ ಮಾಲಾಧಾರಿಗಳು ನಡೆದು ಬರುತ್ತಾರೆ. ಅಜ್ಜಿ ಹಾಡುವ ಹಾಡುಗಳನ್ನು ಅವನು ಕೇಳಿ ಬೆಳೆದಿದ್ದಾನೆ. ಎಂ.ಎ. ಕನ್ನಡ ಮುಗಿಸಿ ಈ ಹಾಡುಗಳ ಮೇಲೆ ಸಂಶೋಧನೆ ಮಾಡಬೇಕು ಎಂದು ಬರುತ್ತಾನೆ. ಅವನಿಗೆ ಸಿಕ್ಕ ಗೈಡ್ ಹಳಗನ್ನಡದವರು. ಪಂಪ, ರನ್ನರನ್ನು ಹತ್ತಾರು ವರ್ಷ ಪಾಠ ಹೇಳಿದವರು, ಗ್ರಂಥಸಂಪಾದನೆ ಅವರ ಕ್ಷೇತ್ರ. "ನನಗೆ ನಿಮ್ಮ ಭಾಷೆ ಬರಲ್ಲಪ್ಪ, ಒಂದು ಚಂಪೂಕಾವ್ಯ ತಗೋ" ಎನ್ನುತ್ತಾರೆ.

ಅವರ ಮಾತನ್ನು ಅಧಿಕಾರದ ದರ್ಪ ಎಂದುಕೊಳ್ಳಬಾರದು. ತನಗೆ ಬಾರದ ಭಾಷೆಯ ಸಾಮಗ್ರಿಗೆ ಸಹಿ ಹಾಕಲು ಹಿಂಜರಿಯುವವರು ಪ್ರಾಮಾಣಿಕ ಗೈಡ್. ಬಂಜಾರರ ಭಾಷೆಗೆ ತನ್ನದೇ ಆದ ಲಿಪಿಯಿಲ್ಲ. ಹುಡುಗ ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಂದದ್ದು ಸರಿಯೋ ತಪ್ಪೋ ಎಂದು ಅವರು ಹೇಗೆ ನೋಡಬೇಕು? ಆದರೆ ಹುಡುಗ ಅಲ್ಲಿಗೇ ಎದ್ದು ಬರದೆ, ಅವರು ಬರೆದ ಎರಡು ಲೇಖನ ಓದಿಕೊಂಡು ಮತ್ತೊಮ್ಮೆ ಹೋಗಲಿ. ಗ್ರಂಥಸಂಪಾದನೆ ಎಂದರೇನು? ಒಂದೇ ಕಾವ್ಯದ ನಾಲ್ಕು ಓಲೆಪ್ರತಿ ಸಿಕ್ಕಿವೆ, ಒಂದೊಂದರಲ್ಲಿ ಒಂದೊಂದು ಪಾಠ. ಯಾವುದು ಮೂಲಕ್ಕೆ ಹತ್ತಿರ, ಯಾವುದು ಲಿಪಿಕಾರನ ಕೈತಪ್ಪು, ಯಾವುದು ಯಾರೋ ಬೇಕೆಂದೇ ಸೇರಿಸಿದ್ದು ಎಂದು ತೂಗಿ ನೋಡುವ ವಿದ್ಯೆ. ಈಗ ತಾಂಡಾದ ಹಾಡಿಗೆ ಬನ್ನಿ. ಅದೇ ಹಾಡು ನ್ಯಾಮತಿ ಕಡೆ ಒಂದು ಥರ, ಚನ್ನಗಿರಿ ಕಡೆ ಒಂದು ಥರ, ಜಗಳೂರು ಕಡೆ ಇನ್ನೊಂದು ಥರ. ಒಂದು ಕಡೆ ಎರಡು ಸಾಲು ಹೆಚ್ಚು, ಒಂದು ಕಡೆ ಊರಿನ ಹೆಸರೇ ಬೇರೆ. ಇವು ಬಾಯಿಯ ಪಾಠಾಂತರಗಳಲ್ಲವೇ? ಓಲೆಗರಿಯಲ್ಲಿ ಲಿಪಿಕಾರ ಮಾಡುವುದನ್ನು ಇಲ್ಲಿ ಹಾಡುಗಾರ್ತಿಯ ನೆನಪು ಮಾಡುತ್ತದೆ. ಆ ಎರಡರ ನಡುವೆ ಏನು ಸಾಮ್ಯ, ಏನು ಭೇದ?

ಹೀಗೆ ಕೇಳಿದರೆ ಹಳಗನ್ನಡದ ಮೇಷ್ಟ್ರು ಕುರ್ಚಿಯಲ್ಲಿ ಮುಂದೆ ಬಾಗುತ್ತಾರೆ ಎಂದು ನನಗೆ ನಂಬಿಕೆಯಿದೆ. ಪಾಠಾಂತರ ಅವರ ಜೀವಮಾನದ ಕೆಲಸ, ಅದು ತಾಂಡಾದ ಅಂಗಳದಲ್ಲೂ ಇದೆ ಎಂದರೆ ಯಾವ ವಿದ್ವಾಂಸನಿಗೆ ಕುತೂಹಲ ಹುಟ್ಟದು? ಭಾಷೆ ಬಲ್ಲ ಇನ್ನೊಬ್ಬರನ್ನು ಸಹ ಮಾರ್ಗದರ್ಶಕರನ್ನಾಗಿ ಸೇರಿಸಿಕೊಂಡರೆ ಅವರ ಅಳುಕೂ ಕಳೆಯುತ್ತದೆ. ಯುಜಿಸಿ ನಿಯಮದಲ್ಲಿ ಅದಕ್ಕೆ ಅವಕಾಶವಿದೆ, ಬೇರೆ ವಿಭಾಗದವರೂ ಆಗಬಹುದು, ಬೇರೆ ಸಂಸ್ಥೆಯವರೂ ಆಗಬಹುದು. ಅಜ್ಜಿಯ ಹಾಡೂ ಉಳಿಯಿತು, ಗೈಡ್‌ನ ಶಿಸ್ತೂ ದಕ್ಕಿತು. ಹಾಡುಗಳನ್ನು ಬರೀ ಸಂಗ್ರಹಿಸಿ ಮುನ್ನುಡಿ ಬರೆದು ಮುಗಿಸುವ ಪ್ರಬಂಧಕ್ಕಿಂತ ಇದು ಎಷ್ಟೋ ಗಟ್ಟಿಯಾದ ಕೆಲಸ.

ಇನ್ನು ಜಗಳೂರು. ಬರದ ತಾಲ್ಲೂಕು ಎಂದೇ ಹೆಸರು. ತುಂಗಭದ್ರೆಯ ನೀರು ತಂದು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಅಲ್ಲಿನ ಪ್ರತಿ ಮನೆಯ ಮಾತು. ಅರ್ಥಶಾಸ್ತ್ರ ಓದಿದ ಅಲ್ಲಿನ ಹುಡುಗಿಯೊಬ್ಬಳು "ಕೆರೆ ತುಂಬಿದರೆ ಯಾರ ಬದುಕು ಬದಲಾಗುತ್ತದೆ?" ಎಂಬ ಪ್ರಶ್ನೆ ಹೊತ್ತು ಬಂದಳು ಎನ್ನೋಣ. ಗೈಡ್ ಇಷ್ಟು ವರ್ಷ ಕೆಲಸ ಮಾಡಿರುವುದು ಕೃಷಿ ಸಾಲ, ಸಹಕಾರ ಸಂಘಗಳ ಮೇಲೆ. ಮೇಲ್ನೋಟಕ್ಕೆ ಇವೆರಡೂ ಕೂಡುವುದಿಲ್ಲ. ಆದರೆ ಜಗಳೂರಿನ ರೈತನ ಸಾಲದ ಕಥೆಯಲ್ಲಿ ಕೊಳವೆಬಾವಿ ಬಂದೇ ಬರುತ್ತದೆ. ಒಂದು ಕೊರೆಸಿ ನೀರು ಬೀಳಲಿಲ್ಲ, ಎರಡನೆಯದು ಕೊರೆಸಿದ, ಮೂರನೆಯದಕ್ಕೆ ಕೈಸಾಲ ಮಾಡಿದ. ಕೆರೆಗೆ ನೀರು ಬಂದ ಊರಲ್ಲಿ ಹೊಸ ಕೊಳವೆಬಾವಿಗೆ ಸಾಲ ಎತ್ತುವುದು ಕಡಿಮೆಯಾಗುತ್ತದೆಯೇ? ಏರಿಯ ಕೆಳಗಿನ ಜಮೀನಿನವನಿಗೂ ದಿಣ್ಣೆಯ ಮೇಲಿನವನಿಗೂ ಅದರ ಲಾಭ ಒಂದೇ ಸಮನೆ? ಈಗ ಪ್ರಶ್ನೆ ಹುಡುಗಿಯದೇ, ಅಳತೆಗೋಲು ಮಾತ್ರ ಗೈಡ್ ಕೈಯದು. ಸಂಘದ ಲೆಡ್ಜರ್ ಹೇಗೆ ಓದಬೇಕು, ಸಾಲದ ಅಂಕಿಯಲ್ಲಿ ಎಲ್ಲಿ ಮೋಸ ಹೋಗುತ್ತೇವೆ ಎಂಬುದನ್ನು ಅವರಷ್ಟು ಚೆನ್ನಾಗಿ ಹೇಳಿಕೊಡುವವರು ಅವಳಿಗೆ ಸಿಗಲಾರರು.

ವಿಜ್ಞಾನದ ವಿದ್ಯಾರ್ಥಿಗಳ ಪಾಡು ಇಷ್ಟು ಸಲೀಸಲ್ಲ ಎಂಬುದನ್ನು ಒಪ್ಪಬೇಕು. ಜಗಳೂರಿನ ರಂಗಯ್ಯನದುರ್ಗ ವನ್ಯಧಾಮದಲ್ಲಿ ಕೊಂಡುಕುರಿ ಇದೆ, ನಾಲ್ಕು ಕೊಂಬಿನ ಅಪರೂಪದ ಪ್ರಾಣಿ. ಅದನ್ನೇ ಅಧ್ಯಯನ ಮಾಡಬೇಕೆಂಬ ಆಸೆ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗೆ ಬಂದರೆ ಅದು ಸಹಜ. ಆದರೆ ಗೈಡ್‌ನ ಪ್ರಯೋಗಾಲಯ ಮೀನಿನ ರೋಗಗಳ ಮೇಲೆ ನಡೆಯುತ್ತಿದೆ. ಉಪಕರಣ ಅದಕ್ಕೆ ಬಂದದ್ದು, ಪ್ರಾಜೆಕ್ಟ್‌ನ ಹಣ ಅದಕ್ಕೆ ಬಂದದ್ದು, ವಿದ್ಯಾರ್ಥಿಗೆ ಸಿಗುವ ತಿಂಗಳ ಸಂಬಳವೂ ಅದೇ ಹಣದಿಂದ. ಕಾಡಿಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಸ್ವಂತ ಜೆಆರ್‌ಎಫ್ ಶಿಷ್ಯವೇತನ ಇದ್ದವರಿಗೆ ಸ್ವಲ್ಪ ಬಿಡುವು. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ. ಯಾರ ಪ್ರಾಜೆಕ್ಟ್‌ಗೂ ಕಟ್ಟುಬೀಳದೆ ಬೇರೆ ಗೈಡ್‌ನ ಬಾಗಿಲು ತಟ್ಟಬಹುದು. ಅದಿಲ್ಲದವರು ಪ್ರಾಜೆಕ್ಟ್‌ನ ವಿಷಯವನ್ನು ಒಪ್ಪಿಕೊಂಡು, ಅದರೊಳಗೆ ತಮ್ಮದೆನ್ನುವ ಒಂದು ಅಧ್ಯಾಯ ಕೇಳಿ ಪಡೆಯುವುದು ಒಳ್ಳೆಯದು. ಅದು ಸೋಲಲ್ಲ. ಹಾಗೆ ಹೇಳುವ ಧೈರ್ಯ ನನಗೆ ಬಂದದ್ದು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಬದುಕಿನಿಂದ.

ಶ್ರೀನಿವಾಸ್ 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮುಂಬೈಯಲ್ಲಿ ಜಿ.ಎಸ್. ಘುರ್ಯೆ ಕೈಕೆಳಗೆ ಕೊಡವರ ಮೇಲೆ ಪಿಎಚ್.ಡಿ. ಮಾಡಿದರು. ದೊಡ್ಡ ದೊಡ್ಡ ಎರಡು ಸಂಪುಟಗಳ ಪ್ರಬಂಧ. 1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋದಾಗ ಅಲ್ಲಿನ ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್-ಬ್ರೌನ್ ಹೇಳಿದ್ದು ಅದೇ ಸಾಮಗ್ರಿಯನ್ನು ಇನ್ನೊಂದು ಕಣ್ಣಿನಿಂದ ನೋಡಲು: ಧರ್ಮಾಚರಣೆಗೂ ಸಮಾಜದ ಕಟ್ಟಿಗೂ ಏನು ನಂಟು ಎಂದು. ಒಮ್ಮೆ ಮುಗಿಸಿದ ಕೆಲಸವನ್ನೇ ಮತ್ತೆ ಬಿಚ್ಚಿ ಕೂರುವುದು ಯಾವ ತರುಣನಿಗೂ ಹಿತವಲ್ಲ. ಅವರು ಕೂತರು. 1952ರಲ್ಲಿ ಅಚ್ಚಾದ, ಕೊಡವರ ಕುರಿತ ಆ ಪುಸ್ತಕದಿಂದಲೇ 'ಸಂಸ್ಕೃತೀಕರಣ' ಎಂಬ ಪರಿಕಲ್ಪನೆ ಜಗತ್ತಿಗೆ ತಿಳಿಯಿತು. ಗುರುಗಳು ತೋರಿಸಿದ ದಾರಿಯಲ್ಲಿ ನಡೆದು ತಮ್ಮದೇ ಮಾತನ್ನು ಕಂಡುಕೊಂಡರು. ಪದವಿ ಕೈಗೆ ಬಂದ ಮೇಲೆ, 1948ರಲ್ಲಿ, ತಮ್ಮ ಹಿರಿಯರ ಸೀಮೆಯ ಕೊಡಗಹಳ್ಳಿಯಲ್ಲಿ ಹೋಗಿ ಕೂತರು. ಆ ಊರಿನ ಬಗ್ಗೆ ಮುಂದೆ ಬರೆದ ಪುಸ್ತಕದಲ್ಲಿ ಅದರ ಹೆಸರು ರಾಂಪುರ. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹೊತ್ತಿದ ಬೆಂಕಿಗೆ ಆ ಊರಿನ ಬಗ್ಗೆ ಪರಿಷ್ಕರಿಸಿ ಇಟ್ಟಿದ್ದ ಟಿಪ್ಪಣಿಗಳು ಸುಟ್ಟವು. ಆದರೂ ಬಹುಪಾಲು ನೆನಪಿನಿಂದಲೇ ಆ ಹಳ್ಳಿಯನ್ನು ಬರೆದರು, 1976ರಲ್ಲಿ ಅದು ಪುಸ್ತಕವಾಯಿತು. ತಾವೇ ಆರಿಸಿಕೊಂಡ ಊರು ಮನಸ್ಸಿನಲ್ಲಿ ಅಷ್ಟು ಆಳಕ್ಕೆ ಇಳಿದಿತ್ತು. ಪಿಎಚ್.ಡಿ. ಒಬ್ಬ ಸಂಶೋಧಕನ ಮೊದಲ ಕೆಲಸ, ಕೊನೆಯದಲ್ಲ. ಕೊಂಡುಕುರಿ ಐದು ವರ್ಷ ಕಾಯಬಹುದು.

ಈಗ ನಿಯಮದ ಮಾತು. ಇದು ತಿಳಿಯದೆ ನಮ್ಮ ಮಕ್ಕಳು ಬಹಳ ಕಷ್ಟಪಡುತ್ತಾರೆ. 2022ರ ನವೆಂಬರ್‌ನಲ್ಲಿ ಬಂದ ಯುಜಿಸಿ ನಿಯಮಾವಳಿಯ ಪ್ರಕಾರ ಪ್ರತಿ ಸಂಶೋಧನಾರ್ಥಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು. ವಿಷಯವನ್ನು ಅಂತಿಮಗೊಳಿಸುವುದು ಆ ಸಮಿತಿಯ ಕೆಲಸ, ಗೈಡ್ ಒಬ್ಬರದೇ ಅಲ್ಲ. ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ವಿದ್ಯಾರ್ಥಿ ಅದರ ಮುಂದೆ ನಿಂತು ತನ್ನ ಕೆಲಸದ ಪ್ರಗತಿ ಹೇಳಬೇಕು. ಅನೇಕರು ಇದನ್ನು ಸಹಿ ಹಾಕಿಸುವ ಶಾಸ್ತ್ರ ಎಂದುಕೊಂಡಿದ್ದಾರೆ. ಆದರೆ ತನ್ನ ಪ್ರಶ್ನೆಯನ್ನು ಗೈಡ್ ಅಲ್ಲದ ಇಬ್ಬರು ಮೂವರು ಹಿರಿಯರ ಮುಂದೆ, ಗೈಡ್‌ಗೆ ಅಗೌರವವಾಗದಂತೆ, ಇಡಲು ಸಿಗುವ ಜಾಗ ಅದೊಂದೇ. ಕಾಲದ ಲೆಕ್ಕವೂ ಗೊತ್ತಿರಲಿ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವಿಕಲತೆ ಇರುವವರಿಗೂ ಮತ್ತೆರಡು ವರ್ಷ ಸಿಗುತ್ತದೆ. ಪ್ರಸೂತಿ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆಯಿದೆ. ಒಬ್ಬ ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ವಿದ್ಯಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳಬಹುದು. ಈ ಮಿತಿಯಿಂದಾಗಿ ಬಯಸಿದ ಗೈಡ್ ಎಲ್ಲರಿಗೂ ಸಿಗುವುದಿಲ್ಲ. ಆದ್ದರಿಂದ ಅರ್ಜಿ ಹಾಕುವ ಮುನ್ನವೇ ಯಾರ ಬಳಿ ಜಾಗವಿದೆ, ಅವರು ಏನು ಬರೆದಿದ್ದಾರೆ, ಅವರ ಕೈಯಲ್ಲಿ ಈ ಹಿಂದೆ ಯಾವ ಪ್ರಬಂಧಗಳು ಬಂದಿವೆ ಎಂದು ನೋಡಿಕೊಳ್ಳಿ. ಸಲ್ಲಿಕೆಯಾದ ಪ್ರಬಂಧಗಳು 'ಶೋಧಗಂಗಾ' ಜಾಲತಾಣದಲ್ಲಿ ಪುಕ್ಕಟೆ ಓದಲು ಸಿಗುತ್ತವೆ. ಒಂದು ವಾರ ಅಲ್ಲಿ ಕಳೆದರೆ ಒಂದು ವರ್ಷ ಉಳಿಯುತ್ತದೆ.

ಗೈಡ್‌ನ ನಿರೀಕ್ಷೆ ಎಂಬ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಸೇರಿಹೋಗಿವೆ, ಅವನ್ನು ಬೇರ್ಪಡಿಸಬೇಕು. ವಾರಕ್ಕೊಮ್ಮೆ ಬಾ, ಬರೆದದ್ದು ತೋರಿಸು, ಆಧಾರ ಕೊಡು, ಕ್ಷೇತ್ರಕಾರ್ಯ ಪೂರ್ತಿ ಮಾಡು, ಬೇರೆಯವರ ಮಾತನ್ನು ನಿನ್ನದೆನ್ನಬೇಡ — ಇವು ನ್ಯಾಯವಾದ ನಿರೀಕ್ಷೆಗಳು, ಎಷ್ಟು ಕಟುವಾಗಿ ಹೇಳಿದರೂ ಸಹಿಸಬೇಕಾದವು. ಮನೆಯ ಕೆಲಸಕ್ಕೆ ಕರೆಯುವುದು, ಮಾಡದ ಕೆಲಸಕ್ಕೆ ಲೇಖನದಲ್ಲಿ ಹೆಸರು ಸೇರಿಸಿಕೊಳ್ಳುವುದು, ಸಹಿಗಾಗಿ ತಿಂಗಳುಗಟ್ಟಲೆ ಅಲೆಸುವುದು — ಇವು ನಿರೀಕ್ಷೆಗಳಲ್ಲ, ಅನ್ಯಾಯ. ಮೊದಲನೆಯದಕ್ಕೆ ಹೊಂದಿಕೊಳ್ಳಬೇಕು, ಎರಡನೆಯದನ್ನು ಲಿಖಿತವಾಗಿ ವಿಭಾಗದ ಗಮನಕ್ಕೆ ತರಬೇಕು. ಹಳ್ಳಿಯಿಂದ ಬಂದ ಹುಡುಗಿಗೆ ಇದು ಸುಲಭವಲ್ಲ ಎಂದು ನನಗೆ ಗೊತ್ತು. ಅದಕ್ಕೇ ಪ್ರತಿ ಭೇಟಿಯ ನಂತರ ಏನು ಮಾತಾಯಿತು, ಮುಂದೆ ಏನು ಮಾಡಬೇಕೆಂದು ತೀರ್ಮಾನವಾಯಿತು ಎಂದು ನಾಲ್ಕು ಸಾಲು ಬರೆದು, ದಿನಾಂಕ ಹಾಕಿ, ಗೈಡ್‌ಗೇ ಇಮೇಲ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ. ಒಳ್ಳೆಯ ಗೈಡ್‌ಗೆ ಅದರಿಂದ ಸಂತೋಷವಾಗುತ್ತದೆ. ಮುಂದೆ ಮಾತು ಬದಲಾದರೆ ನಿಮ್ಮ ಕೈಯಲ್ಲಿ ದಾಖಲೆ ಇರುತ್ತದೆ. ಗೈಡ್ ಬದಲಾವಣೆ ಕಡೆಯ ದಾರಿ. ಹಿಡಿಯಲೇಬೇಕಾದರೆ ಎರಡನೆಯ ವರ್ಷ ದಾಟುವ ಮೊದಲೇ ಹಿಡಿಯಬೇಕು.

ಪ್ರಶ್ನೆಯನ್ನು ಗೈಡ್ ಮುಂದೆ ಇಡುವುದು ಹೇಗೆ ಎಂದು ಕೇಳುವವರಿಗೆ ನಾನು ಹೇಳುವುದು ಎರಡು ಪುಟ ಬರೆದುಕೊಂಡು ಹೋಗಿ ಎಂದು. ಮೊದಲ ಪುಟದಲ್ಲಿ ನೀವು ಕಣ್ಣಾರೆ ಕಂಡದ್ದು ಇರಲಿ. ಸೂಳೆಕೆರೆಯ ಹಿನ್ನೀರಿನಲ್ಲಿ ಬೇಸಿಗೆಗೆ ಏಳುವ ಹೊಲಗಳು ಇರಬಹುದು, ಹೊನ್ನಾಳಿಯಲ್ಲಿ ಹೊಳೆ ಬಂದಾಗ ಮನೆ ಬಿಡುವ ಬೀದಿ ಇರಬಹುದು, ಹೊದಿಗೆರೆಯ ಷಹಾಜಿ ಸಮಾಧಿಯ ಬಗ್ಗೆ ಊರವರು ಹೇಳುವ ಕಥೆ ಇರಬಹುದು. ಅದರಿಂದ ನಿಮಗೆ ಹುಟ್ಟಿದ ಪ್ರಶ್ನೆ ಒಂದೇ ವಾಕ್ಯದಲ್ಲಿ ಇರಲಿ. ಎರಡನೆಯ ಪುಟದಲ್ಲಿ ಗೈಡ್‌ನ ಕೆಲಸದಿಂದ ಇದಕ್ಕೆ ಏನು ನೆರವು ಬೇಕು ಎಂದು ಬರೆಯಿರಿ. "ನಿಮ್ಮ ಈ ಲೇಖನದ ವಿಧಾನವನ್ನು ನಮ್ಮೂರಿಗೆ ಹಚ್ಚಿ ನೋಡಬಹುದೇ ಸಾರ್?" ಎಂದು ಕೇಳಿ. ಬರಿಗೈಯಲ್ಲಿ ಹೋಗಿ "ಏನು ವಿಷಯ ಕೊಡ್ತೀರಿ?" ಎಂದವನಿಗೆ ಗೈಡ್ ತಮ್ಮ ಬೀರುವಿನಲ್ಲಿ ಇರುವುದನ್ನು ಕೊಡುತ್ತಾರೆ. ಅದು ಅವರ ತಪ್ಪಲ್ಲ.

ಗೈಡ್‌ಗಳಲ್ಲಿ ನನ್ನದೊಂದು ಕೋರಿಕೆ. ದಾವಣಗೆರೆ ವಿಶ್ವವಿದ್ಯಾಲಯ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ 2009ರಿಂದ ಇದೆ. ಅದಕ್ಕೂ ಮುಂಚಿನಿಂದ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಈ ನಾಲ್ಕು ತಾಲ್ಲೂಕಿನ ಮಕ್ಕಳು ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಮರಳುವಷ್ಟು ಹತ್ತಿರಕ್ಕೆ ಪಿಎಚ್.ಡಿ. ಬಂದಿದೆ. ಅವರು ತರುವ ಆ ಮೊದಲ ಪುಟವನ್ನು ದಯವಿಟ್ಟು ಅವರ ಎದುರಿಗೇ ಓದಿ. ಶೀರ್ಷಿಕೆ ತಿದ್ದುವ ಮುಂಚೆ, ಇದು ಯಾವ ಊರಿನ ಮಾತು, ಅಲ್ಲಿ ನೀನು ಯಾರನ್ನು ಮಾತನಾಡಿಸಿದೆ ಎಂದು ಒಮ್ಮೆ ಕೇಳಿ.